ಯಾರ ಮನೆಯ ಹಾಡು

೧೯೩೩, ಎಪ್ರಿಲ್ ೧೧, ಮಂಗಳವಾರ. ಕಾರವಾರ.

ಕೋಟು ಹೊಲಿಸಲೆಂದು ಹೊಳೆ ದಾಟಿ ಸದಾಶಿವಗಡಕ್ಕೆ ಹೋಗಿದ್ದೆ. ಹಳೆಯದರ ಮೊಣಕೈ ಸವೆದಿದೆ. ಕಲೆಕ್ಟರ ಕಚೇರಿಯ ಭಾಷಾಂತರಕಾರನಿಗೆ ದೇಹದಲ್ಲಿ ಕೆಲಸ ಮಾಡುವ ಭಾಗ ಮೊಣಕೈ ಒಂದೇ ಎಂದು ದತ್ತಾ ಹೇಳುತ್ತಿರುತ್ತಾನೆ. ದತ್ತಾ ನನ್ನ ಕೈಕೆಳಗಿನ ಕಾರಕೂನ. ನನ್ನ ಕುರ್ಚಿಯ ಮೇಲೆ ಅವನಿಗೆ ಕಣ್ಣಿದೆ, ಅದನ್ನು ಮುಚ್ಚಿಡುವುದಿಲ್ಲ. ಆದ್ದರಿಂದಲೇ ಅವನ ಬಗ್ಗೆ ನನಗೆ ಬೇಸರವಿಲ್ಲ.

ಸಿಂಪಿಗ ತುಳಸಿದಾಸ ಆಫ್ರಿಕಾದ ಟಾಂಗಾ ಎಂಬ ಬಂದರಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದವನು. ಮಶೀನು ತುಳಿಯುತ್ತ ಗುನುಗುತ್ತಿದ್ದ. ಏನದು ಎಂದು ಕೇಳಿದೆ. ಅಲ್ಲಿ ಕತ್ತಾಳೆ ತೋಟದ ಕೂಲಿಯವರು ಹಾಡುವುದಂತೆ. ಅವನ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಜುಮಾ ಎಂಬವನು ಮೊದಲು ಆ ತೋಟದಲ್ಲಿ ಹೊರೆ ಹೊತ್ತವನು, ಅವನಿಂದ ಕಲಿತದ್ದು. ಸ್ವಾಹಿಲಿಯಲ್ಲಿ ಒಂದೊಂದು ಸಾಲು ಹೇಳಿ, ಕೊಂಕಣಿಯಲ್ಲಿ ಅರ್ಥ ಹೇಳಿದ. ಬರೆದುಕೊಂಡೆ.

ಕತ್ತಾಳೆಯ ಹೊರೆ ತಲೆಯ ಮೇಲೆ.
ಹೊರೆ ನಿನ್ನದು ದೊರೆ, ತಲೆ ನನ್ನದು.
ಗಂಟೆ ಬಾರಿಸು, ನಾನು ಏಳುತ್ತೇನೆ.
ಗಂಟೆ ನಿನ್ನದು ದೊರೆ, ಬೆಳಗು ನನ್ನದು.

ಇದರಲ್ಲಿ ಅಳು ಇಲ್ಲ, ಮೊರೆ ಇಲ್ಲ. ಗಡಿಕಲ್ಲು ನೆಟ್ಟ ಹಾಗೆ ಇದೆ, ಅಷ್ಟೇ. ಹಿಂತಿರುಗುವಾಗ ದೋಣಿಯಲ್ಲಿ ನನ್ನ ಕವಿತೆಗಳು ನೆನಪಾದವು. ಅವುಗಳಲ್ಲಿ ಅಳು ತುಂಬ ಇದೆ, ನನ್ನದು ಎನ್ನುವಂಥದ್ದು ಏನೂ ಇಲ್ಲ.

ಎಪ್ರಿಲ್ ೨೩

ಕತ್ತಾಳೆ ಕನ್ನಡದಲ್ಲಿ ಕೂರುತ್ತಿಲ್ಲ. ನಮ್ಮಲ್ಲಿ ಅದು ಬೇಲಿಗೆ ನೆಡುವ ಗಿಡ. ಅದನ್ನು ಯಾರೂ ಹೊರುವುದಿಲ್ಲ, ದನ ತಡೆಯಲು ಇರುತ್ತದೆ. ಓದುವವನ ಕುತ್ತಿಗೆಗೆ ಭಾರ ತಾಗಬೇಕಾದರೆ ಅವನಿಗೆ ಗೊತ್ತಿರುವ ಹೊರೆ ಆಗಬೇಕು. ಕತ್ತಾಳೆ ತೆಗೆದು ಭತ್ತ ಹಾಕಿದೆ. ದೊರೆ ಎಂಬುದು ನಾಟಕದ ಮಾತಿನಂತೆ ಕೇಳುತ್ತಿತ್ತು, ಸಾಹೇಬ ಎಂದು ಮಾಡಿದೆ. ಕೂಡಲೇ ಸಾಲುಗಳು ತಾವಾಗಿ ಎದ್ದು ನಡೆದವು. ಹಲವು ವರ್ಷಗಳಲ್ಲಿ ಇಷ್ಟು ಒಳ್ಳೆಯ ಕೆಲಸ ಮಾಡಿದ್ದಿಲ್ಲ.

ಕಚೇರಿಯಲ್ಲಿ ವಾರವಿಡೀ ಅಂಕೋಲೆಯ ಜಪ್ತಿ ಕಾಗದಗಳು. ಕರ ಕೊಡುವುದಿಲ್ಲವೆಂದ ರೈತರ ಗದ್ದೆಗಳನ್ನು ಸರಕಾರ ಹರಾಜು ಹಾಕಿದೆ. ಅವರ ತಕರಾರುಗಳನ್ನು ನಾನು ಇಂಗ್ಲಿಷಿಗೆ ತಿರುಗಿಸುತ್ತೇನೆ, ಸಾಹೇಬರ ಉತ್ತರವನ್ನು ಕನ್ನಡಕ್ಕೆ. ಕಾಳಿ ಹೊಳೆಯ ದೋಣಿಯವನು ಯಾರು ಯಾಕೆ ದಾಟುತ್ತಾರೆಂದು ಕೇಳುವುದಿಲ್ಲ. ನಾನೂ ಕೇಳುವುದಿಲ್ಲ.

ಮೇ ೭

ಟಾಂಗಾದ ಕೂಲಿಯವರ ಹಾಡಿನಿಂದ ಮಾಡಿದ್ದೆಂದು ಅಡಿಯಲ್ಲಿ ಬರೆದು, ಹಾಡನ್ನು ಧಾರವಾಡದ ಒಂದು ಮಾಸಪತ್ರಿಕೆಗೆ ಕಳಿಸಿದೆ.

ಬೆಳಿಗ್ಗೆ ಬೀಸುಕಲ್ಲಿನ ಸದ್ದಿನ ಜೊತೆ ನನ್ನ ಸಾಲುಗಳು ಕೇಳಿಸಿದವು. ಮೇಜಿನ ಮೇಲಿದ್ದ ಪ್ರತಿಯನ್ನು ಹೆಂಡತಿ ವೈಜಯಂತಿ ಓದಿದ್ದಾಳೆ. ಮನೆಯಲ್ಲಿ ನಮ್ಮದು ಕೊಂಕಣಿ. ಕನ್ನಡ ಅವಳಿಗೆ ಅಂಕೋಲೆಯ ತವರಿನ ಹಿತ್ತಿಲಲ್ಲಿ ಬಂದ ಭಾಷೆ. ಎರಡನೆಯ ಸಾಲನ್ನು ತುಂಬ ಎಳೆಯುತ್ತಿದ್ದಾಳೆ, ಅಲ್ಲಿ ಅಷ್ಟು ಎಳೆತ ಇಲ್ಲ ಎಂದೆ. ಕಲ್ಲು ಒಂದು ಸುತ್ತು ಮುಗಿಸುವವರೆಗೆ ಎಳೆಯಲೇಬೇಕು, ಬೇಕಾದರೆ ನೀವೇ ಬೀಸಿ ನೋಡಿ ಎಂದಳು.

ಮಾವಿನ ಹಣ್ಣಿನ ಕಾಲ. ನಾಳೆ ತವರಿಗೆ ಹೊರಡುತ್ತಾಳೆ.

ಮೇ ೨೯

ವೈಜಯಂತಿ ಮಧ್ಯಾಹ್ನದ ಮೋಟಾರಿನಲ್ಲಿ ಬಂದಳು. ಒಂದು ಬುಟ್ಟಿ ಹಣ್ಣು, ಜೊತೆಗೆ ಒಂದು ಗಂಟು ಅವಲಕ್ಕಿ. ಅವಲಕ್ಕಿ ಯಾಕೆ ಎಂದರೆ ನಕ್ಕಳು.

ಅವಳ ತವರಿಗೆ ಕೆಲಸಕ್ಕೆ ಬರುವ ಸುಕ್ರಿ ಎಂಬವಳು ಈ ಹಾಡು ಕೇಳಿ ಬಿಡಲಿಲ್ಲವಂತೆ. ಕಲಿತು, ಮರುದಿನ ಅವಲಕ್ಕಿ ತಂದು ಮುಂದಿಟ್ಟಳಂತೆ. ಆ ಕೇರಿಯ ಹೆಂಗಸರಲ್ಲಿ ಒಂದು ಕಟ್ಟಳೆ ಇದೆ. ಬೇರೆ ಮನೆಯ ಹಾಡನ್ನು ಬರಿಗೈಯಲ್ಲಿ ತರಬಾರದು. ತಂದ ಮೇಲೆ ಪ್ರತಿ ಸಲ ಹಾಡುವ ಮುಂಚೆ ಅದು ಯಾರ ಮನೆಯದೆಂದು ಹೇಳಬೇಕು. ಮನೆ ಹೇಳದೆ ಹಾಡಿದರೆ ಅದು ಕದ್ದ ಹಾಡು. ಕದ್ದ ಹಾಡಿಗೆ ಸಸಿ ನೆಡುವ ನಟ್ಟಿಯಲ್ಲಿ ಕೈ ಓಡುವುದಿಲ್ಲ, ಉಳಿದ ಹೆಂಗಸರು ದನಿ ಸೇರಿಸುವುದೂ ಇಲ್ಲ.

ಸುಕ್ರಿಯ ಗಂಡ ನಾಗ ಕರ ಕೊಡದೆ ಬೆಳಗಾವಿಯ ಕಡೆ ಜೈಲಿನಲ್ಲಿದ್ದಾನೆ. ಅವರ ಗದ್ದೆಯನ್ನು ಹರಾಜಿನಲ್ಲಿ ಹಿಡಿದವನು ಹೊರಗಿನವನು. ಈಗ ಅದೇ ಗದ್ದೆಗೆ ಸುಕ್ರಿ ಕೂಲಿಗೆ ಹೋಗುತ್ತಾಳೆ. ಮಗಳು ಬೊಮ್ಮಿ ಬಸುರಿ, ಹೆರಿಗೆಗೆ ತಾಯಿಯ ಮನೆಗೆ ಬಂದಿದ್ದಾಳೆ. ವೈಜಯಂತಿ ಇದೆಲ್ಲ ಹೇಳುತ್ತಿದ್ದಾಗ ಆ ಜಪ್ತಿ ಕಾಗದ ನನ್ನ ಕೈಯಿಂದಲೇ ದಾಟಿರಬೇಕು ಎಂದುಕೊಂಡೆ. ಹೆಸರು ನೆನಪಾಗಲಿಲ್ಲ.

ಅವಲಕ್ಕಿಯನ್ನು ಮೊಸರಿನಲ್ಲಿ ಕಲಸಿ ತಿಂದೆವು.

ಜೂನ್ ೧೪

ಧಾರವಾಡದಿಂದ ಹಾಡು ಹಿಂದಕ್ಕೆ ಬಂತು. ವಿಷಯ ನಮ್ಮ ನಾಡಿನ ಬದುಕಿಗೆ ದೂರವಂತೆ.

ಮಳೆ.

ಜುಲೈ ೧೯

ಇಂದಿನ ಟಪಾಲಿನಲ್ಲಿ ಅಂಕೋಲೆಯ ಫೌಜದಾರನ ವರದಿ. ಜಪ್ತಿಯಾದ ಗದ್ದೆಯಲ್ಲಿ ನಟ್ಟಿ ಮಾಡುತ್ತ ಹೆಂಗಸರು ಸರಕಾರದ ವಿರುದ್ಧ ಹಾಡಿದರೆಂದು ಗದ್ದೆ ಹಿಡಿದವನ ಫಿರ್ಯಾದಿ. ಹಾಡು ಎತ್ತಿದವಳನ್ನು ಹಿಡಿದು ಕಾರವಾರಕ್ಕೆ ಕಳಿಸಿದ್ದಾರೆ. ಆರೋಪಿ: ಸುಕ್ರಿ ಕೋಂ ನಾಗ. ಪೊಲೀಸ ಬರೆದುಕೊಂಡ ಹಾಡು ಲಗತ್ತು, ಸಾಹೇಬರಿಗೆ ಇಂಗ್ಲಿಷಿನಲ್ಲಿ ಬೇಕು.

ಮೊದಲ ನಾಲ್ಕು ಸಾಲು ನನ್ನವು. ಅಕ್ಷರ ತಪ್ಪಿದೆ, ಮಾತು ತಪ್ಪಿಲ್ಲ. ಕೆಳಗೆ ಎರಡು ಸಾಲು ಹೊಸತು.

ಗದ್ದೆ ನಿನ್ನದೋ ಸಾಹೇಬಾ, ಕೆಸರು ನನ್ನದು.
ಜಪ್ತಿ ನಿನ್ನದೋ ಸಾಹೇಬಾ, ಬಿತ್ತು ನನ್ನದು.

ಕತ್ತಾಳೆಯನ್ನು ಕತ್ತಾಳೆಯಾಗಿಯೇ ಬಿಟ್ಟಿದ್ದರೆ ಇದು ಬೇಲಿಯಾಚೆಯೇ ಉಳಿಯುತ್ತಿತ್ತು. ಫೌಜದಾರನಿಗೂ ಧಾರವಾಡದ ಸಂಪಾದಕರಿಗೂ ಒಂದೇ ಅಭಿಪ್ರಾಯವಿರುತ್ತಿತ್ತು. ನಾನು ಅದಕ್ಕೆ ಭತ್ತ ಹಾಕಿದೆ, ಅದು ಗದ್ದೆಗೆ ಇಳಿಯಿತು.

ಅನುವಾದ ಬೇಗ ಮುಗಿಯಿತು. ಚೆನ್ನಾಗಿಯೇ ಆಗಿದೆ. ದತ್ತಾ ಓದಿ, ರಾಯರೇ, ಇದನ್ನು ಮೊದಲೇ ಬಾಯಿಪಾಠ ಮಾಡಿದ್ದಿರೋ ಏನೋ ಎಂದ. ತಮಾಷೆಗೆ ಅಂದದ್ದು.

ಜುಲೈ ೨೦

ವೈಜಯಂತಿಗೆ ಹೇಳಿದೆ. ಹುಳಿ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು. ಹೊಡೆದರೇ ಎಂದು ಕೇಳಿದಳು. ವರದಿಯಲ್ಲಿ ಇಲ್ಲ ಎಂದೆ. ಹೊಡೆದದ್ದು ವರದಿಯಲ್ಲಿ ಇರುತ್ತದೆಯೇ ಎಂದಳು.

ಹಾಡು ಕಲಿಸಿದವರ ಹೆಸರು ಹೇಳಿದರೆ ತಾಕೀತು ಮಾಡಿ ಬಿಡಬಹುದೆಂದು ಫೌಜದಾರ ಬರೆದಿದ್ದಾನೆ. ಹಿಂದೆ ಯಾರೋ ಕಾಂಗ್ರೆಸ್ಸಿನವರಿದ್ದಾರೆಂದು ಅವನ ಗುಮಾನಿ. ಸುಕ್ರಿ ಬಾಯಿ ಬಿಟ್ಟಿಲ್ಲ. ಬೊಮ್ಮಿಗೆ ದಿನ ತುಂಬುತ್ತ ಬಂದಿದೆ.

"ಹಾಗಾದರೆ ನನ್ನ ಹೆಸರು ಹೇಳಲಿ" ಎಂದಳು ವೈಜಯಂತಿ.

ನಿನ್ನ ಹೆಸರು ಹೇಳಿದರೆ ನನ್ನದು ಬರುತ್ತದೆ, ನನ್ನದು ಬಂದರೆ ಕೆಲಸ ಹೋಗುತ್ತದೆ ಎಂದೆ.

ಹೌದು ಎಂದಳು. ಅಷ್ಟೇ. ಆಮೇಲೆ ಹುಳಿ ಬಡಿಸಿದಳು.

ಜುಲೈ ೨೩, ಭಾನುವಾರ

ಹೊಳೆ ತುಂಬಿದೆ. ದೋಣಿಯವನು ಬೇಡ ಅಂದ, ಆದರೂ ದಾಟಿದೆ. ತುಳಸಿದಾಸನಿಗೆ ಒಂದೇ ಪ್ರಶ್ನೆ ಕೇಳಬೇಕಿತ್ತು: ಈ ಹಾಡು ಹುಟ್ಟಿದಾಗ ಟಾಂಗಾದಲ್ಲಿ ಇದ್ದ ದೊರೆ ಯಾರು?

ಜರ್ಮನಿಯವರು ಎಂದ. ಆಗ ಅದು ಅವರದೇ ರಾಜ್ಯ. ಗಂಟೆ ಬಾರಿಸಿ ಎಬ್ಬಿಸುತ್ತಿದ್ದರು, ತಡವಾದವನಿಗೆ ಚರ್ಮದ ಚಾಟಿ.

ನನಗೆ ಉಸಿರು ಬಂದಂತಾಯಿತು. ಜರ್ಮನಿಯವನನ್ನು ಬೈದರೆ ಅದು ರಾಜದ್ರೋಹ ಹೇಗಾದೀತು? ಮಹಾಯುದ್ಧದಲ್ಲಿ ಇಂಗ್ಲಿಷರು ಬೈದದ್ದೂ ಅವರನ್ನೇ. ಇದನ್ನು ತುಳಸಿದಾಸನಿಗೆ ವಿವರಿಸಿದೆ. ಅವನು ಸೂಜಿಗೆ ದಾರ ಪೋಣಿಸುತ್ತ ಕೇಳಿಕೊಂಡ.

"ರಾಯರೆ, ಜರ್ಮನಿಯವ ಹೋದ, ಇಂಗ್ಲಿಷಿನವ ಬಂದ. ಜುಮಾ ಹಾಡು ಬದಲು ಮಾಡ್ಲಿಲ್ಲ. ಗಂಟೆ ಅದೇ ಇತ್ತಲ್ಲ."

ಈ ಮಾತು ಕೋರ್ಟಿನಲ್ಲಿ ಬೇಡ ಎಂದೆ. ನನ್ನನ್ನು ಯಾರು ಕರೀತಾರೆ ಎಂದು ನಕ್ಕ. ಜುಮಾ ಈಗ ಎಲ್ಲಿದ್ದಾನೆಂದು ಕೇಳಿದೆ. ಗೊತ್ತಿಲ್ಲ. ಹೊರಡುವ ದಿನ ಬಂದರಿನವರೆಗೆ ಪೆಟ್ಟಿಗೆ ಹೊತ್ತು ತಂದನಂತೆ. ನಡುದಾರಿಯಲ್ಲಿ ಪೆಟ್ಟಿಗೆ ಇಳಿಸಿ, ಇದು ನಿನ್ನ ಹೊರೆ, ಇದಕ್ಕೆ ಹಾಡಬೇಕಾಗಿಲ್ಲ ಅಂದನಂತೆ.

ಜುಲೈ ೨೭, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮ್ಯಾಜಿಸ್ಟ್ರೇಟ್ ಸಾಹೇಬರ ಎಡಕ್ಕೆ ನನ್ನ ಜಾಗ, ಎದುರು ಕಟಕಟೆಯಲ್ಲಿ ಅವಳು. ನಾನು ಎಣಿಸಿದ್ದಕ್ಕಿಂತ ಕುಳ್ಳಿ. ಕೊರಳು ತುಂಬ ಕರಿಮಣಿ, ಸೀರೆಯ ಅಂಚಿನಲ್ಲಿ ಇನ್ನೂ ಒಣಗಿದ ಕೆಸರು. ಅವಳ ಕೇರಿಯ ತಿಮ್ಮಿ, ದುರ್ಗಿ ಎಂಬ ಇಬ್ಬರು ಅಂಕೋಲೆಯಿಂದ ನಡೆದು ಬಂದು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ವೈಜಯಂತಿ ಇದ್ದಳು. ಬರುತ್ತೇನೆಂದು ನನಗೆ ಹೇಳಿರಲಿಲ್ಲ.

ಈ ಹಾಡನ್ನು ನಿನಗೆ ಯಾರು ಕಲಿಸಿದರು ಎಂದು ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು. ಅದನ್ನು ಕನ್ನಡಕ್ಕೆ ತರುವಾಗ ನನ್ನ ಬಾಯಿಂದ ಬಂದದ್ದು ಅವರ ಕೇರಿಯ ಪ್ರಶ್ನೆ: "ಈ ಹಾಡು ಯಾರ ಮನೆಯದು?"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಯಾರೆಂದು ಅವಳಿಗೆ ಗೊತ್ತಿತ್ತು. ಬಾಗಿಲ ಕಡೆ ನೋಡಲಿಲ್ಲ.

"ಮರ್ತೋಯ್ತು ಒಡೆಯಾ."

ತಿರುಗಿಸಿ ಹೇಳಿದೆ. ಹೆಸರು ಹೇಳಿದರೆ ಇವತ್ತೇ ಮನೆಗೆ ಹೋಗಬಹುದೆಂದು ಸಾಹೇಬರು ಅಂದರು. ಅದನ್ನೂ ಹೇಳಿದೆ. ಮಗಳ ವಿಚಾರ ಸಾಹೇಬರು ಎತ್ತಿರಲಿಲ್ಲ, ಆದ್ದರಿಂದ ನಾನೂ ಎತ್ತಲಿಲ್ಲ. ಅವಳು ಸ್ವಲ್ಪ ಹೊತ್ತು ಕಟಕಟೆಯ ಮರವನ್ನು ಉಗುರಿನಿಂದ ಕೆರೆದಳು.

"ಯಾರ ಮನೆದೂ ಅಲ್ಲ. ನಾ ಕದ್ದದ್ದು. ಹಂಗೇ ಬರ್ಕಳ್ಳಿ."

ಬಾಗಿಲಲ್ಲಿದ್ದ ಇಬ್ಬರೂ ತಲೆ ತಗ್ಗಿಸಿದರು. ಒಬ್ಬಳು ಸೆರಗನ್ನು ಬಾಯಿಗೆ ಹಿಡಿದಳು. ಇನ್ನು ಮೇಲೆ ಅವಳ ದನಿಗೆ ಅವರು ದನಿ ಸೇರಿಸುವಂತಿಲ್ಲ. ಆ ಕೋಣೆಯಲ್ಲಿ ಈ ಮಾತಿನ ಬೆಲೆ ತಿಳಿದವರು ಅವರಿಬ್ಬರು, ವೈಜಯಂತಿ, ನಾನು.

ಹಾಡು ಕದ್ದದ್ದೆಂದು ಹೇಳುತ್ತಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ನಕ್ಕರು. ಅದರ ಹಿಂದೆಯೇ ನನ್ನ ಬಾಯಿಂದ ಇನ್ನೊಂದು ವಾಕ್ಯ ಬಂತು. ಅದರ ಮುಂಚೆ ಕನ್ನಡದಲ್ಲಿ ಯಾರೂ ಏನೂ ಹೇಳಿರಲಿಲ್ಲ. ನನ್ನ ನೌಕರಿಯಲ್ಲಿ ಮೂಲವಿಲ್ಲದ ಭಾಷಾಂತರ ಇದೊಂದೇ. "ಈ ಹಾಡು ನನ್ನ ಮನೆಯದು" ಎಂದೆ.

ಆಮೇಲೆ ಸಾಹೇಬರು ದತ್ತಾನನ್ನು ಕರೆಸಿ ನನ್ನ ಜಾಗದಲ್ಲಿ ನಿಲ್ಲಿಸಿದರು. ನಾನು ಸಾಕ್ಷಿಯ ಜಾಗಕ್ಕೆ ಹೋದೆ. ಟಾಂಗಾ, ಕತ್ತಾಳೆ, ಜರ್ಮನಿಯವರು, ಎಲ್ಲ ಹೇಳಿದೆ. ಭತ್ತವನ್ನೂ ಸಾಹೇಬ ಎಂಬ ಮಾತನ್ನೂ ಹಾಕಿದವನು ನಾನು ಎಂದೂ ಹೇಳಿದೆ. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ದತ್ತಾ ಅವಳಿಗೆ ಕನ್ನಡದಲ್ಲಿ ತಿಳಿಸುತ್ತ ಹೋದ. ಸಾಹೇಬರ ಮುಖ ಸಡಿಲವಾಯಿತು. ಅವರು ಯುದ್ಧದಲ್ಲಿ ಇದ್ದವರು. ಹಾಡಿನ ಸಾಹೇಬ ಆಫ್ರಿಕಾದ ಜರ್ಮನಿಯವನೇ ಹೌದೆಂದು ಇವಳು ಒಪ್ಪಿದರೆ ಕೇಸು ಮುಗಿಯಿತು ಎಂದರು.

ದತ್ತಾ ಅವಳ ಕಡೆ ಬಾಗಿ, ಮಗುವಿಗೆ ಹೇಳುವಂತೆ ಹೇಳಿದ. "ಸುಕ್ರಿ, ಹಾಡಿನ ಸಾಹೇಬ ಜರ್ಮನಿಯವ ಅಲ್ದಾ? ಹೌದು ಅನ್ನು. ಅಷ್ಟ್ ಅಂದ್ರೆ ಮನೆಗೆ ಹೋಗೂದು."

ಕಡೆಯ ವಾಕ್ಯ ಸಾಹೇಬರದೇ ಇರಬಹುದು. "ಹೌದು ಅನ್ನು" ಎಂಬುದು ದತ್ತಾನದು.

ಅವಳು ದತ್ತಾನಿಗಲ್ಲ, ನನಗೇ ಹೇಳಿದಳು.

"ನಿಮ್ಮನೆದು ಅಂದ್ರಲ್ಲ, ಅಷ್ಟ್ ಸಾಕು ಒಡೆಯಾ. ಆದ್ರೆ ಗದ್ದೆ ಸಾಲು ನಿಮ್ಮನೆದಲ್ಲ. ಅದು ನಮ್ದು. ಆ ಗದ್ದೆಗೆ ಜರ್ಮನಿಯವ ಬರ್ಲಿಲ್ಲ."

ದತ್ತಾ ನನ್ನ ಕಡೆ ನೋಡಿದ. ಏನು ಬೇಕಾದರೂ ಹೇಳಬಹುದಿತ್ತು, ಆ ಕೋಣೆಯಲ್ಲಿ ಸಾಹೇಬರಿಗೆ ಅವನೇ ಕಿವಿ. ನಾನು ತಲೆಯಾಡಿಸಿದೆನೋ ಇಲ್ಲವೋ ಈಗ ಹೇಳಲಾರೆ. ಅವನು ಇದ್ದದ್ದನ್ನು ಇದ್ದ ಹಾಗೆ ತಿರುಗಿಸಿದ. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಒಂದು ತಿಂಗಳು ಸಾದಾ ಸಜೆ, ಇಲ್ಲಿಯ ಜೈಲಿನಲ್ಲಿಯೇ. ನನ್ನ ವಿಚಾರಣೆ ಆಗುವವರೆಗೆ ಕಚೇರಿಗೆ ಬರಕೂಡದೆಂದು ನನಗೆ ಹುಕುಂ.

ಕರೆದುಕೊಂಡು ಹೋಗುವಾಗ ಸುಕ್ರಿ ನನ್ನ ಪಕ್ಕದಲ್ಲಿ ಹಾದಳು. ಉಪಕಾರ ಅನ್ನುತ್ತಾಳೆಂದು ನಾನು ಎದುರು ನೋಡಿದ್ದೆ, ಅದನ್ನು ಇಲ್ಲಿ ಬರೆದಿಡುವುದು ನ್ಯಾಯ.

"ಬೊಮ್ಮಿನ ನೋಡ್ಕಳುಕೆ ಅಮ್ಮಂಗೆ ಹೇಳಿ" ಎಂದಳು.

ಹೇಳುವ ಅಗತ್ಯ ಬೀಳಲಿಲ್ಲ. ಸಂಜೆಯ ಮೋಟಾರಿಗೆ ವೈಜಯಂತಿ ಅಂಕೋಲೆಗೆ ಹೊರಟುಹೋಗಿದ್ದಳು.

ಆಗಸ್ಟ್ ೨

ಅನ್ನ ಸೀದಿತು. ಮೇಲಿನದನ್ನು ತಿಂದೆ.

ಆಗಸ್ಟ್ ೬

ಮೇ ತಿಂಗಳಲ್ಲಿ ತಿಂದ ಅವಲಕ್ಕಿ ನಮ್ಮದಲ್ಲ ಎಂಬುದು ಈಗ ಹೊಳೆಯಿತು. ಮಾರುಕಟ್ಟೆಯಲ್ಲಿ ಅವಲಕ್ಕಿ ಕೊಂಡು ತುಳಸಿದಾಸನಿಗೆ ಒಯ್ದು ಕೊಟ್ಟೆ. ಕೇರಿಯ ಕಟ್ಟಳೆ ಹೇಳಿದೆ. ಅವನು ನಗಲಿಲ್ಲ. ಎರಡು ಪಾಲು ಮಾಡಿ ಒಂದನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ, ಮಶೀನಿನ ಮೇಲಿನ ಮೊಳೆಗೆ ತೂಗುಹಾಕಿದ. ಅದು ಜುಮಾನದಂತೆ. ಬಂದರಿನ ಹುಡುಗರು ಯಾರಾದರೂ ಮುಂಬಯಿಗೆ ಹೋಗಿ ಆ ಕಡೆಯ ಹಡಗು ಹತ್ತಿದರೆ ಕೊಟ್ಟು ಕಳಿಸುತ್ತಾನಂತೆ. ಅಷ್ಟರಲ್ಲಿ ಹುಳ ಹಿಡಿಯುತ್ತದೆ ಎಂದೆ. ಹುಳ ಹಿಡಿದರೆ ಬೇರೆ ಕಟ್ಟಿಡುತ್ತೇನೆ ಎಂದ.

ಕೋಟು ತಯಾರಾಗಿತ್ತು. ಈಗ ಅದರಿಂದ ಏನೂ ಕೆಲಸವಿಲ್ಲ. ಹಾಕಿಕೊಂಡೇ ಬಂದೆ.

ಆಗಸ್ಟ್ ೧೬

ವಜಾ ಮಾಡಿದ ಆಜ್ಞೆಯನ್ನು ದತ್ತಾ ತಾನೇ ತಂದ. ಚಪರಾಶಿಯ ಕೈಯಲ್ಲಿ ಕಳಿಸಬಹುದಿತ್ತು. ಕುರ್ಚಿ ಅವನಿಗೆ ಸಿಕ್ಕಿದೆ. ಅದರ ಒಂದು ಕಾಲು ಗಿಡ್ಡ, ನೀವು ಹೇಳಿರಲಿಲ್ಲ ರಾಯರೇ ಎಂದು ದೂರಿದ. ಚಹಾ ಮಾಡಿ ಕೊಟ್ಟೆ, ಹಾಲು ಒಡೆದಿತ್ತು. ಕುಡಿದ.

ಎದ್ದು ನಿಂತ ಮೇಲೆ ಕೇಳಿದ. ಅವಳ ಹಾಡಿನ ಬಿತ್ತು ಎಂಬುದನ್ನು ನಾನು ಇಂಗ್ಲಿಷಿನಲ್ಲಿ ಬರಿಯ ಬೀಜ ಎಂದು ಹಾಕಿದ್ದೆನಲ್ಲ, ಮುಂದಿನ ವರ್ಷಕ್ಕೆ ಹಸಿವಿನಲ್ಲೂ ತಿನ್ನದೆ ಕಟ್ಟಿಟ್ಟ ಭತ್ತ ಎಂಬುದು ಅದರಲ್ಲಿ ಬಂತೇ? ಬರಲಿಲ್ಲ ಎಂದೆ. ಹಾಗಾದರೆ ಸಾಹೇಬರಿಗೆ ಪೂರ್ತಿ ತಿಳಿಯಲಿಲ್ಲ ಎಂದ. ಪೂರ್ತಿ ತಿಳಿದಿದ್ದರೆ ಮೂರು ತಿಂಗಳು ಕೊಡುತ್ತಿದ್ದರು ಎಂದೆ. ಇಬ್ಬರೂ ನಕ್ಕೆವು. ಕಚೇರಿಯಲ್ಲಿ ನಾವು ಒಟ್ಟಿಗೆ ನಕ್ಕದ್ದು ನೆನಪಿಲ್ಲ.

ಆಗಸ್ಟ್ ೨೦

ವೈಜಯಂತಿಯಿಂದ ಮೋಟಾರಿನವನ ಕೈಯಲ್ಲಿ ಸುದ್ದಿ. ಬೊಮ್ಮಿಗೆ ಹೆಣ್ಣು. ಇಬ್ಬರೂ ಕ್ಷೇಮ.

ಜೈಲಿನ ಬಾಗಿಲಿಗೆ ಹೋಗಿ ಕಾವಲಿನವನಿಗೆ ಹೇಳಿದೆ. ಒಳಗೆ ತಿಳಿಸುತ್ತೇನೆ ಎಂದ. ತಿಳಿಸಿದನೋ ಎಂದು ನೋಡಲು ಗೋಡೆಯ ಈಚೆ ನಿಂತಿದ್ದೆ. ಮಳೆ ಬಂತು. ಒಳಗಿನಿಂದ ಏನೂ ಕೇಳಿಸಲಿಲ್ಲ. ಆದರೂ ಬೇಗ ಬರಲು ಮನಸ್ಸಾಗಲಿಲ್ಲ.

ಅಕ್ಟೋಬರ್ ೨೯, ಭಾನುವಾರ. ಅಂಕೋಲಾ.

ಇಲ್ಲಿಗೆ ಬಂದು ವಾರಗಳಾದವು. ಕಾರವಾರದ ಹಬ್ಬುವಾಡದ ಬಾಡಿಗೆ ಮನೆ ಬಿಟ್ಟೆವು. ವೈಜಯಂತಿಯ ತವರಿನ ಹೊರಜಗಲಿಯಲ್ಲಿ ಕೇರಿಯ ಕೆಲವರಿಗೆ ಅಕ್ಷರ ಹೇಳಿಕೊಡುತ್ತೇನೆ, ಜಪ್ತಿಯ ತಕರಾರುಗಳನ್ನು ಬರೆದುಕೊಡುತ್ತೇನೆ. ಈ ಪುಟಗಳನ್ನು ತೆರೆದು ಬಹಳ ದಿನವಾಗಿತ್ತು.

ಇಂದು ಸುಕ್ರಿಯ ಗದ್ದೆ ಕೊಯ್ದರು. ಸುಕ್ರಿಯ ಗದ್ದೆ ಎಂದು ಬರೆದೆ. ಕಾಗದದಲ್ಲಿ ಅದು ಇನ್ನೂ ಹರಾಜು ಹಿಡಿದವನದೇ. ಅವನು ದೂರದ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ. ಕೂಲಿಗೆ ಬೇರೆ ಯಾರೂ ಬರದೆ ಇವರನ್ನೇ ಕರೆದಿದ್ದಾನೆ. ನಾಗನ ಬಿಡುಗಡೆ ಬೇಸಿಗೆಗೆ.

ವೈಜಯಂತಿ ಕೊಯ್ಲಿಗೆ ಇಳಿದಿದ್ದಳು, ಅವಳ ಅಣ್ಣ ಬೇಡವೆಂದರೂ. ಬೊಮ್ಮಿ ಕುಡುಗೋಲು ಹಿಡಿದಿದ್ದಳು. ಬೇರೆ ಯಾರ ಕೈಯೂ ಖಾಲಿ ಇರಲಿಲ್ಲವಾದ್ದರಿಂದ ಕೂಸು ನನ್ನ ಹತ್ತಿರ ಬಂತು. ಅಣ್ಣ ಮನೆಯ ಬಾಗಿಲಿನಿಂದ ನೋಡಿ ಒಳಗೆ ಹೋದರು. ಸಂಜೆ ಸ್ನಾನ ಮಾಡಿಯೇ ಒಳಗೆ ಬರಬೇಕೆಂದು ಹೇಳಿಕಳಿಸಿದ್ದಾರೆ. ಸ್ನಾನ ಹೇಗೂ ಮಾಡುವುದೇ.

ಮೊದಲ ಹೊರೆ ಕಟ್ಟಿದ ಮೇಲೆ ಸುಕ್ರಿ ಸೊಂಟ ನೆಟ್ಟಗೆ ಮಾಡಿ ನಿಂತಳು. ಅವಳು ಕೂಗಿ ಹೇಳಿದಳು.

"ಕಡಲಾಚೆ ಟಾಂಗಾದ ಜುಮನ ಮನೆದು. ಸದಾಶಿವಗಡದ ತುಳಸಿದಾಸನ ಮನೆದು. ಹಬ್ಬುವಾಡದ ವೈಜಯಂತಮ್ಮನ ಮನೆದು. ಅಲ್ಲಿಂದ ನಾ ತಂದದ್ದು."

ಕೊಡೆ ಅಲುಗಿತು. ಈ ಸಲ ಫಿರ್ಯಾದಿ ಕೊಟ್ಟರೆ ಫೌಜದಾರ ಟಾಂಗಾಕ್ಕೂ ವಾರಂಟು ಕಳಿಸಬೇಕಾಗುತ್ತದೆ.

ನನ್ನ ಹೆಸರು ಬರಲಿಲ್ಲ. ಕಡೆಗಾದರೂ ಬರುತ್ತದೆಯೋ ಎಂದು ಕಾದೆ. ಹಾಡು ಶುರುವಾಯಿತು.

ತಿಮ್ಮಿ ದನಿ ಸೇರಿಸಿದಳು. ದುರ್ಗಿಯೂ ಸೇರಿಸಿದಳು. ಎರಡನೆಯ ಸಾಲನ್ನು ವೈಜಯಂತಿ ಬೀಸುಕಲ್ಲಿನ ಮುಂದೆ ಎಳೆಯುತ್ತಿದ್ದಷ್ಟೇ ಎಳೆದರು. ಆ ಎಳೆತದೊಳಗೆ ಒಬ್ಬಳು ಹೊರೆ ಎತ್ತಿ ಇನ್ನೊಬ್ಬಳ ತಲೆಗೆ ಇಡುವಷ್ಟು ಹೊತ್ತು ಇತ್ತು. ಕೇಳುತ್ತ ನಾನು ಕೂಸನ್ನು ಮರೆತಿರಬೇಕು. ಸುಕ್ರಿ ಹಾಡುತ್ತಲೇ ಹತ್ತಿರ ಬಂದು, ನನ್ನ ಅಂಗೈ ಹಿಡಿದು ಅದರ ಕುತ್ತಿಗೆಯ ಕೆಳಗೆ ಸರಿಸಿದಳು. "ತಲೆ ಹಿಡೀರಿ ಒಡೆಯಾ" ಎಂದು ಹೇಳಿ ಮತ್ತೆ ಸಾಲಿಗೆ ಸೇರಿಕೊಂಡಳು.

ಹಿಡಿದುಕೊಂಡೆ. ಭಾರವೇನೂ ಇರಲಿಲ್ಲ. ಕೊಯ್ಲು ಮುಗಿಯುವವರೆಗೆ ಕೈ ಬದಲಿಸಲಿಲ್ಲ.